ಮಳೆಯಲ್ಲಿ ಕಷ್ಟ ಇರುವುದು ತುಳಿಯುವಾಗಲ್ಲ, ನಿಂತಾಗ

ಪ್ರಶ್ನೆ: ನಾವು ಹಾಸನದ ಹದಿನಾಲ್ಕು ಜನ. ಹೆಚ್ಚಿನವರು ಮೇಷ್ಟ್ರುಗಳು, ಇಬ್ಬರು ಬ್ಯಾಂಕಿನವರು, ಮೂವರು ಕಾಲೇಜು ಹುಡುಗರು. ಹೋದ ವರ್ಷ ಆರು ದಿನದ ಸೈಕಲ್ ಪ್ರವಾಸ ಹೊರಟೆವು. ಬೇಲೂರು, ಚಿಕ್ಕಮಗಳೂರು, ಬಾಳೆಹೊನ್ನೂರು, ಶೃಂಗೇರಿ, ಕಳಸ, ಕೊಟ್ಟಿಗೆಹಾರ, ಮೂಡಿಗೆರೆ ಸುತ್ತಿ ಮನೆಗೆ. ಮೂರನೇ ದಿನ ಬೆಳಗ್ಗೆಯಿಂದಲೇ ಮಳೆ ಹಿಡಿಯಿತು. ಅರ್ಧ ಜನ ನಿಲ್ಲೋಣ ಅಂದರು, ಅರ್ಧ ಜನ ಹೋಗೋಣ ಅಂದರು. ಹಿಂದಿನವರು ಬರಲಿ ಅಂತ ಒಂದು ಬಸ್ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ಕಾದೆವು. ಆಮೇಲೆ ಇಳಿಜಾರಿನಲ್ಲಿ ಒಬ್ಬರು ಬಿದ್ದರು. ಸಂಜೆ ಜಗಳವೂ ಆಯಿತು. ಈ ಸಲ ಸೆಪ್ಟೆಂಬರ್ ಮೂರನೇ ವಾರ ಹೊರಡುತ್ತಿದ್ದೇವೆ. ಮಳೆ ಬಂದರೆ ನಿಲ್ಲಬೇಕೋ, ಹೋಗಬೇಕೋ? ಯಾವ ರೈನ್‌ಕೋಟ್ ಒಳ್ಳೆಯದು? ಮೊಬೈಲ್ ಕಾಪಾಡಿಕೊಳ್ಳುವುದು ಹೇಗೆ?

ಉತ್ತರ: ಮೇಷ್ಟ್ರೇ, ನೀವು ಕೇಳಿದ್ದು ನಿಲ್ಲಬೇಕೋ ಹೋಗಬೇಕೋ ಅಂತ. ನನಗೆ ಕಣ್ಣಿಗೆ ಬಿದ್ದಿದ್ದು ಬೇರೆ. ಬಸ್ ಸ್ಟಾಪಿನ ಆ ಮುಕ್ಕಾಲು ಗಂಟೆ. ನಿಮ್ಮ ಸ್ನೇಹಿತರು ಬಿದ್ದಿದ್ದು ಇಳಿಜಾರಿನಲ್ಲಿ ಅಂತ ಬರೆದಿದ್ದೀರಿ. ನನ್ನ ಅಂದಾಜಿನಲ್ಲಿ ಅವರು ಬೀಳಲು ಶುರುವಾಗಿದ್ದು ಆ ಬಸ್ ಸ್ಟಾಪಿನಲ್ಲೇ.

ಹೇಗೆ ಅಂದರೆ, ಸೈಕಲ್ ತುಳಿಯುವ ಮೈ ಒಂದು ಒಲೆ ಇದ್ದ ಹಾಗೆ. ತುಳಿಯುತ್ತಿರುವಷ್ಟು ಹೊತ್ತು ಕಾವು ಹುಟ್ಟುತ್ತಲೇ ಇರುತ್ತದೆ. ಮೇಲೆ ಎಷ್ಟೇ ನೀರು ಸುರಿದರೂ ನಮ್ಮ ಕಡೆಯ ಮಳೆಗೆ ಅದು ಸುಲಭವಾಗಿ ಆರುವುದಿಲ್ಲ. ನಿಂತ ತಕ್ಷಣ ಸೌದೆ ಎಳೆದ ಹಾಗೆ ಆಗುತ್ತದೆ. ಒಳಗಡೆ ಬೆವರಿಂದ ಒದ್ದೆ, ಹೊರಗಡೆ ಮಳೆಯಿಂದ ಒದ್ದೆ, ಅದರ ಮೇಲೆ ಗಾಳಿ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಮಳೆಗಾಲದಲ್ಲಿ ಇಲ್ಲಿನ ಗಾಳಿ ತೆಳ್ಳಗೆ ಕೊರೆಯುತ್ತದೆ. ಇಪ್ಪತ್ತು ನಿಮಿಷ ನಿಂತರೆ ಸಾಕು, ಬೆರಳು ಮರಗಟ್ಟುತ್ತವೆ. ಮರಗಟ್ಟಿದ ಬೆರಳಿಗೆ ಬ್ರೇಕ್ ಎಷ್ಟು ಹಿಡಿದಿದ್ದೇನೆ ಅಂತ ಗೊತ್ತಾಗುವುದಿಲ್ಲ. ಅಂಥ ಕೈಯಲ್ಲಿ ಇಳಿಜಾರಿಗೆ ಹೊರಟರೆ ಇನ್ನೇನಾಗುತ್ತದೆ ಹೇಳಿ.

ಇದು ನನಗೆ ಪುಸ್ತಕದಿಂದ ಬಂದ ಬುದ್ಧಿ ಅಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಪುಷ್ಯ ಮಳೆಯಲ್ಲಿ, ಅಂದರೆ ಜುಲೈ ಕೊನೆಯ ಹೊತ್ತಿಗೆ, ಹನ್ನೊಂದು ಜನರನ್ನು ಚಿಕ್ಕಮಗಳೂರಿಂದ ಬಾಳೆಹೊನ್ನೂರಿಗೆ ಕರೆದುಕೊಂಡು ಹೊರಟಿದ್ದೆ. ಆಲ್ದೂರು ದಾಟಿದ ಮೇಲೆ ಹಿಂದೆ ಒಬ್ಬರ ಸೈಕಲ್ ಪಂಕ್ಚರ್ ಆಯಿತು. ಮುಂದಿದ್ದ ಏಳು ಜನ ಒಂದು ತಂಗುದಾಣದಲ್ಲಿ ನಿಂತೆವು. ಮೇಲೆ ಸೂರು ಇತ್ತು, ಮೂರು ಕಡೆ ಗೋಡೆ ಇತ್ತು, ಸದ್ಯ ಅಂದುಕೊಂಡೆ. ಮೊದಲ ಹತ್ತು ನಿಮಿಷ ನಗು, ತಮಾಷೆ, ಫೋಟೊ. ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಕೈ ಕಂಕುಳಿಗೆ ಸೇರಿಸಿಕೊಂಡು ಕುಣಿಯುತ್ತಿದ್ದರು. ಅರ್ಧ ಗಂಟೆ ಹೊತ್ತಿಗೆ ಒಬ್ಬ ಹುಡುಗ ಕುಣಿಯುವುದು ನಿಲ್ಲಿಸಿ ಸುಮ್ನೆ ಮೂಲೆಯಲ್ಲಿ ಕೂತ. ಸುಸ್ತಾಗಿರಬೇಕು ಅಂತ ನಾನೂ ಸುಮ್ಮನಾದೆ. ಹೊರಡೋಣ ಅಂದಾಗ ಅವನು ಹೆಲ್ಮೆಟ್ಟಿನ ಬಕಲ್ ಹಾಕಿಕೊಳ್ಳಲು ನೋಡುತ್ತಿದ್ದ. ಒಂದು ಸಲ, ಎರಡು ಸಲ, ಐದು ಸಲ. ಎರಡು ತುದಿ ಎದುರು ಬದುರು ಬರುತ್ತವೆ, ಕೂಡಿಕೊಳ್ಳುತ್ತಿಲ್ಲ. ಏನಾಯಿತೋ ಅಂದರೆ ನಾಲಿಗೆ ದಪ್ಪ ಆದವರ ಹಾಗೆ ಏನೋ ಗೊಣಗಿದ.

ಆಗ ನನಗೆ ಭಯ ಹತ್ತಿತು. ಎದುರಿಗೇ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಗಳು, ಅಂದರೆ ಕೆಲಸದವರ ಸಾಲುಮನೆಗಳಿದ್ದವು. ಅಲ್ಲಿನ ಒಬ್ಬರು ಅಜ್ಜಿ ಬಾಗಿಲಲ್ಲೇ ನಿಂತು ನೋಡುತ್ತಿದ್ದವರು, "ಮಾತಾಡ್ತಾ ನಿಂತ್ರೆ ಆಗುತ್ತಾ, ಮೊದ್ಲು ಒದ್ದೆ ಬಟ್ಟೆ ಬಿಚ್ಚಿಸಿ" ಅಂತ ಗದರಿ ಒಳಗೆ ಕರೆದರು. ಬಚ್ಚಲ ಒಲೆ ಉರಿಯುತ್ತಿತ್ತು. ಒಣ ಕಂಬಳಿ ಹೊದಿಸಿ, ಒಲೆಯಿಂದ ಒಂದು ಮಾರು ದೂರ ಕೂರಿಸಿ, ಬೆಲ್ಲದ ಕಾಫಿ ಕುಡಿಸಿದರು. ಮುಕ್ಕಾಲು ಗಂಟೆಯಲ್ಲಿ ಹುಡುಗ ಸರಿಯಾಗಿ ಮಾತಾಡಿದ. ಆ ದಿನ ಅವನನ್ನು ಮತ್ತೆ ಸೈಕಲ್ ಹತ್ತಿಸಲಿಲ್ಲ, ಜೀಪಿನಲ್ಲಿ ಕಳಿಸಿದೆ. ತಪ್ಪು ಪೂರ್ತಿ ನನ್ನದೇ. ಗುಂಪು ನಡೆಸುವವನು ನಾನು, ನಿಲ್ಲಿಸಿದವನೂ ನಾನು.

ಮೈಯೊಳಗಿನ ಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅದು ವೈದ್ಯರ ಲೆಕ್ಕದಲ್ಲಿ ಅಪಾಯ. ರಸ್ತೆ ಮೇಲೆ ಥರ್ಮಾಮೀಟರ್ ಬೇಕಾಗಿಲ್ಲ. ಬೆರಳು ತಡವರಿಸುತ್ತದೆ, ಮಾತು ತೊದಲುತ್ತದೆ, ಕಾಲು ಎಡವುತ್ತದೆ. ಇವು ಮೂರು ಗುರುತು. ನಾಲ್ಕನೆಯದು ನಾನು ಕಲಿತಿದ್ದು: ಮಾತಾಡುವ ಮನುಷ್ಯ ಮಾತು ನಿಲ್ಲಿಸುತ್ತಾನೆ. ನಡುಗುತ್ತಿದ್ದವನು ನಡುಗುವುದು ನಿಲ್ಲಿಸಿ ಮಂಕಾದ ಅಂದರೆ ಸುಧಾರಿಸಿದ ಅಂತ ಅಲ್ಲ, ಜಾಸ್ತಿ ಆಗಿದೆ ಅಂತ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಒದ್ದೆ ಬಟ್ಟೆ ತೆಗೆದು ಒಣ ಹೊದಿಕೆ ಹಾಕಿ. ಎಚ್ಚರವಾಗಿದ್ದು ನುಂಗಲು ಆಗುತ್ತಿದ್ದರೆ ಬಿಸಿ ಸಿಹಿ ಕುಡಿಸಿ. ಕೈಕಾಲು ಗಸಗಸ ಉಜ್ಜಬೇಡಿ. ಒಂದು ಗುಟುಕು ಬ್ರಾಂದಿ ಕೊಟ್ಟರೆ ಬೆಚ್ಚಗಾಗುತ್ತಾನೆ ಅನ್ನುವ ಹಿರಿಯರು ಎಲ್ಲ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ. ಅದು ಚರ್ಮಕ್ಕೆ ಬಿಸಿ ತೋರಿಸಿ ಒಳಗಿನ ಬಿಸಿ ಕಳೆಯುತ್ತದೆ.

ಹಾಗಾಗಿ ನನ್ನ ಉತ್ತರ ಇದು. ಮಳೆ ದಿನ ದಾರಿಯ ಪ್ಲಾನ್ ಮಾಡಬೇಡಿ, ನಿಲ್ಲುವ ಜಾಗದ ಪ್ಲಾನ್ ಮಾಡಿ. ಒಲೆ ಇರುವ ಕಡೆ ಮಾತ್ರ ನಿಲ್ಲಿ. ಹೋಟೆಲ್, ಕಾಫಿ ಅಂಗಡಿ, ಗುರುತಿನವರ ಮನೆ, ಯಾವುದಾದರೂ ಸರಿ. ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಒಂದು ಇಂಥ ಜಾಗ ಮೊದಲೇ ಗುರುತು ಹಾಕಿ, ಹಿಂದಿನ ದಿನವೇ ಫೋನ್ ಮಾಡಿ ಹದಿನಾಲ್ಕು ಜನ ಬರುತ್ತೇವೆ ಅಂತ ಹೇಳಿಡಿ. ಹೇಳದೆ ಹೋದರೆ ಹದಿನಾಲ್ಕು ಅಕ್ಕಿರೊಟ್ಟಿ ಬೇಯುವ ಹೊತ್ತಿಗೆ ಮೊದಲು ತಿಂದವರು ಮತ್ತೆ ತಣ್ಣಗಾಗಿರುತ್ತಾರೆ. ಕೊಟ್ಟಿಗೆಹಾರದಲ್ಲಿ ಈ ತಲೆನೋವಿಲ್ಲ. ಅಲ್ಲಿ ನೀರುದೋಸೆ ಹೆಂಚಿಂದ ಏಳುತ್ತಲೇ ಇರುತ್ತದೆ.

ನಡುವೆ ಯಾರದ್ದಾದರೂ ಪಂಕ್ಚರ್ ಆದರೆ ಇಡೀ ಗುಂಪು ನಿಲ್ಲುವುದು ಬೇಡ. ಬೆಳಗ್ಗೆಯೇ ಎಲ್ಲರನ್ನೂ ಜೋಡಿ ಮಾಡಿ. ಒಬ್ಬರ ಸೈಕಲ್ ಕೆಟ್ಟರೆ ಅವರ ಜೋಡಿ ಮತ್ತು ಕೊನೆಯಲ್ಲಿ ಬರುವ ರಿಪೇರಿ ಬಲ್ಲವರು ಮಾತ್ರ ನಿಲ್ಲಲಿ. ಉಳಿದವರು ಮುಂದಿನ ಒಲೆಗೆ ಹೋಗಲಿ. ಮಳೆಯಲ್ಲಿ ಟ್ಯೂಬಿಗೆ ಪ್ಯಾಚ್ ಹಾಕುತ್ತಾ ಕೂರಬೇಡಿ, ಒದ್ದೆ ರಬ್ಬರಿಗೆ ಸಲ್ಯೂಷನ್ ಹಿಡಿಯುವುದಿಲ್ಲ. ಹೊಸ ಟ್ಯೂಬ್ ಹಾಕಿ ಹೊರಡಿ, ಪ್ಯಾಚ್ ರಾತ್ರಿ ಹಾಕಿಕೊಳ್ಳಬಹುದು. ಒಬ್ಬೊಬ್ಬರ ಹತ್ತಿರ ಎರಡು ಟ್ಯೂಬ್ ಇರಲಿ. ಮಳೆಯಲ್ಲಿ ಪಂಕ್ಚರ್ ಜಾಸ್ತಿ. ನೀರು ಗಾಜಿನ ಚೂರು, ಸಣ್ಣ ಜಲ್ಲಿ ಎಲ್ಲವನ್ನೂ ರಸ್ತೆಗೆ ತಂದು ಹಾಕುತ್ತದೆ. ಜೊತೆಗೆ ಒದ್ದೆ ರಬ್ಬರನ್ನು ಗಾಜು ಸಲೀಸಾಗಿ ಸೀಳುತ್ತದೆ.

ಇನ್ನು ನಿಲ್ಲಬೇಕೋ ಹೋಗಬೇಕೋ ಅನ್ನುವುದು. ಇದನ್ನು ರಸ್ತೆಯಲ್ಲಿ ನಿಂತು ಹದಿನಾಲ್ಕು ಜನ ಕೈ ಎತ್ತಿ ತೀರ್ಮಾನ ಮಾಡುವುದಲ್ಲ. ಹಿಂದಿನ ರಾತ್ರಿ ಊಟ ಆದ ಮೇಲೆ ಒಬ್ಬರು ಹೇಳಬೇಕು, ಬೆಳಗ್ಗೆ ಐದೂವರೆಗೆ ಆಕಾಶ ನೋಡಿ ಅವರೇ ಬದಲಾಯಿಸಬಹುದು. ಅದರ ಮೇಲೆ ಚರ್ಚೆ ಇಲ್ಲ. ಮೇಷ್ಟ್ರುಗಳು ಜಾಸ್ತಿ ಇರುವ ಗುಂಪಿನಲ್ಲಿ ಇದು ಸುಲಭ ಅಲ್ಲ ಅಂತ ನನಗೂ ಗೊತ್ತು. ಆದರೂ ಪ್ರಯತ್ನಪಡಿ.

ಹೇಳುವವರಿಗೆ ಏನು ಆಧಾರ? ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣ (ಹಳದಿ, ಆರೆಂಜ್, ಕೆಂಪು) ನೋಡಿ, ಆದರೆ ಅದರ ಹಿಂದಿನ ಅಂಕಿ ತಿಳಿದು ನೋಡಿ. ಅವರ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರಿಂದ 115.5ರವರೆಗೆ ಭಾರೀ ಮಳೆ, 204.4ರವರೆಗೆ ಅತಿ ಭಾರೀ, ಅದಕ್ಕೂ ಮೇಲೆ ವಿಪರೀತ. ಮಲೆನಾಡಿನವರು ಮಿಲಿಮೀಟರಿನಲ್ಲಿ ಮಾತಾಡುವುದಿಲ್ಲ, ಇಂಚಿನಲ್ಲಿ ಮಾತಾಡುತ್ತಾರೆ. ಒಂದು ಇಂಚು 25.4 ಮಿಲಿಮೀಟರ್. ಅಂದರೆ ಎರಡೂವರೆ ಇಂಚಿಂದ ಭಾರೀ, ಎಂಟು ಇಂಚು ದಾಟಿದರೆ ವಿಪರೀತ. ಹಳದಿ ಇದ್ದರೆ ನಾನು ಹೋಗುತ್ತೇನೆ, ದೂರ ಕಡಿಮೆ ಮಾಡಿಕೊಂಡು. ಆರೆಂಜ್ ಇದ್ದರೆ ಆ ದಿನ ಹಾಡು, ಇಸ್ಪೀಟು, ನಿದ್ದೆ. ಕೆಂಪು ಇದ್ದರೆ ಕೇಳಲೇಬೇಡಿ.

ಬಣ್ಣಕ್ಕಿಂತ ನನಗೆ ನಂಬಿಕೆ ಎಸ್ಟೇಟ್ ರೈಟರುಗಳ, ಅಂದರೆ ತೋಟದ ಲೆಕ್ಕ ಬರೆಯುವವರ ಮೇಲೆ. ಕಾಫಿ ತೋಟಗಳಲ್ಲಿ ರೈನ್‌ಗೇಜ್ ಇಟ್ಟು ಬೆಳಗ್ಗೆ ಅಳೆದು ಪುಸ್ತಕದಲ್ಲಿ ಬರೆಯುವ ರೂಢಿ ಬಹಳ ಹಳೆಯದು. ಮುಂದಿನ ಊರಿನ ಒಬ್ಬರು ರೈಟರಿಗೆ ಫೋನ್ ಮಾಡಿ, ರಾತ್ರಿ ಎಷ್ಟು ಆಯಿತು ಅಂತ ಕೇಳಿ. "ಒಂದಿಂಚು ಇಪ್ಪತ್ತು ಸೆಂಟು" ಅಂತ ಅಲ್ಲೇ ಹೇಳುತ್ತಾರೆ (ಇಂಚಿಗೆ ನೂರು ಸೆಂಟು). ಹಳ್ಳ ಎಷ್ಟಿದೆ, ಮರ ಬಿದ್ದಿದೆಯಾ, ಕರೆಂಟ್ ಇದೆಯಾ, ಎಲ್ಲಾ ಒಂದೇ ಉಸಿರಿಗೆ ಬರುತ್ತದೆ. ಒಂದೇ ಜಿಲ್ಲೆಯಲ್ಲಿ ಕಡೂರಿನ ಕಡೆ ದೂಳು ಏಳುತ್ತಿರುವಾಗ ಶೃಂಗೇರಿಯಲ್ಲಿ ತುಂಗೆ ಮೆಟ್ಟಿಲು ಹತ್ತುತ್ತಿರುತ್ತಾಳೆ. ಜಿಲ್ಲೆಗೆ ಒಂದೇ ಬಣ್ಣ ಹಚ್ಚಿದರೆ ಸೈಕಲ್ಲಿನವನಿಗೆ ಏನು ತಿಳಿದ ಹಾಗಾಯಿತು?

ನೀವು ಹೊರಡುವುದು ಉತ್ತರೆ ಮಳೆಯಲ್ಲಿ. ಆರಿದ್ರ, ಪುಷ್ಯದ ಹಾಗೆ ದಿನವಿಡೀ ಒಂದೇ ಸಮ ಹೊಯ್ಯುವುದು ಆಗ ಕಡಿಮೆ. ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಅನ್ನುವ ದಿನಗಳು ಜಾಸ್ತಿ. ಹಾಗಾಗಿ ಆರಕ್ಕೆ ಹೊರಟು ಒಂದು ಗಂಟೆಯೊಳಗೆ ಊರು ಸೇರುವ ಹಾಗೆ ಇಟ್ಟುಕೊಳ್ಳಿ. ಗುಡುಗು ಕೇಳಿಸಿತು ಅಂದರೆ ನನ್ನ ಒಲೆಯ ನಿಯಮ ಪಕ್ಕಕ್ಕಿಡಿ, ಹತ್ತಿರದ ಯಾವುದಾದರೂ ಕಟ್ಟಡದೊಳಗೆ ಹೋಗಿ. ಒಂಟಿ ಮರದ ಕೆಳಗೆ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಕದಲಬೇಡಿ.

ಇನ್ನೊಂದು ಕಡೆ ಯೋಚನೆ ಮಾಡುವ ಹಾಗೇ ಇಲ್ಲ. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಸೈಕಲ್ ಇಳಿಸಬೇಡಿ. ಅರ್ಧ ಅಡಿ ನೀರು ರಭಸವಾಗಿ ಹರಿದರೆ ದೊಡ್ಡವರ ಕಾಲನ್ನೇ ತಪ್ಪಿಸುತ್ತದೆ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಭದ್ರೆ ಉಕ್ಕಿದಾಗ ಮುಳುಗಿ ಎಷ್ಟೋ ಸಲ ಪೇಪರಿನಲ್ಲಿ ಬಂದಿದೆ. ನೀವು ಹೊರನಾಡಿಗೂ ಹೋಗಿಬರುವ ಯೋಚನೆ ಇಟ್ಟುಕೊಂಡಿದ್ದರೆ ಕಳಸದಲ್ಲಿ ವಿಚಾರಿಸಿಯೇ ಹೊರಡಿ. ಘಟ್ಟದ ಕಡೆ ಇಳಿಯುವ ಆಸೆಯೂ ಬೇಡ. 2018ರ ಆಗಸ್ಟಿನಲ್ಲಿ ಶಿರಾಡಿಯಲ್ಲಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದ್ದು ನಿಮಗೂ ನೆನಪಿರಬಹುದು.

ಓಡಿಸುವ ರೀತಿಗೆ ಬರುತ್ತೇನೆ. ಒಣಗಿದ ರಸ್ತೆಗೆ ಮಳೆ ಬಿದ್ದ ಮೊದಲ ಹತ್ತು ನಿಮಿಷ ತುಂಬಾ ಜಾರುತ್ತದೆ. ಲಾರಿ ಬಸ್ಸಿನ ಎಣ್ಣೆ, ದೂಳು ಎಲ್ಲಾ ಸೇರಿ ಸಾಬೂನಿನ ಹಾಗೆ ಆಗಿರುತ್ತದೆ. ಚೆನ್ನಾಗಿ ಸುರಿದ ಮೇಲೆ ತೊಳೆದು ಹೋಗಿ ಹಿಡಿತ ಸ್ವಲ್ಪ ವಾಪಸ್ ಬರುತ್ತದೆ. ನಮ್ಮ ಕಡೆ ಇದರ ಜೊತೆಗೆ ಪಾಚಿ. ತೋಟದ ನಡುವಿನ ರಸ್ತೆಗಳಲ್ಲಿ ಮೇಲೆ ಸಿಲ್ವರ್ ಓಕ್, ಹಾಲುವಾಣ ಕವಿದಿರುತ್ತವೆ. ಬಿಸಿಲೇ ಬೀಳದ ತಿರುವುಗಳಲ್ಲಿ ಡಾಂಬರಿನ ಅಂಚು ಹಸಿರಾಗಿರುತ್ತದೆ. ಅಂಚಿಗೆ ಹೋಗಬೇಡಿ, ಬಸ್ಸಿನ ಗಾಲಿ ಓಡಾಡಿ ಬೋಳಾದ ಜಾಗದಲ್ಲಿ ಹೋಗಿ. ರಸ್ತೆ ಹಂಪಿನ ಮೇಲಿನ ಬಿಳಿ ಬಣ್ಣ, ಸೇತುವೆಯ ಕಬ್ಬಿಣದ ಪಟ್ಟಿ, ಹಸಿ ಸಗಣಿ ಇವುಗಳ ಮೇಲೆ ಹ್ಯಾಂಡಲ್ ತಿರುಗಿಸಬಾರದು, ಬ್ರೇಕ್ ಹಿಡಿಯಬಾರದು. ನೆಟ್ಟಗೆ ದಾಟಿಬಿಡಿ. ತಳ ಕಾಣದ ನೀರಿನ ಗುಂಡಿಗೆ ಗಾಲಿ ಇಳಿಸಬೇಡಿ, ಒಳಗೆ ಎಷ್ಟು ಆಳ ಇದೆಯೋ ಪಂಚಾಯ್ತಿಗೂ ಗೊತ್ತಿರುವುದಿಲ್ಲ. ಟಯರಿನ ಗಾಳಿ ಹತ್ತು ಪಿಎಸ್‌ಐ ಇಳಿಸಿದರೆ ರಸ್ತೆಗೆ ಚೆನ್ನಾಗಿ ಕೂರುತ್ತದೆ. ತೀರಾ ದಪ್ಪ ಟಯರಾದರೆ ನಾಲ್ಕೈದು ಸಾಕು.

ಬ್ರೇಕಿನ ವಿಷಯ. ರಿಮ್ ಹಿಡಿಯುವ ಬ್ರೇಕಾದರೆ ಒದ್ದೆಯಲ್ಲಿ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಹಗುರವಾಗಿ ಸವರಿಕೊಂಡು ಹೋಗಿ. ವೇಗ ಕಡಿಮೆ ಮಾಡುವುದು ತಿರುವಿಗೆ ಮುಂಚೆ, ತಿರುವಿನೊಳಗೆ ಅಲ್ಲ. ಕೆಸರು ಮಣ್ಣು ಪ್ಯಾಡನ್ನು ಉಪ್ಪುಕಾಗದದ ಹಾಗೆ ತಿನ್ನುತ್ತದೆ. ಆಲ್ದೂರಿನಿಂದ ಬಾಳೆಹೊನ್ನೂರಿಗೆ ಭದ್ರೆಯ ಕಡೆ ಇಳಿಯುವ ಒಂದೇ ದಿನದಲ್ಲಿ ಹೊಸ ಪ್ಯಾಡ್ ಅರ್ಧ ಸವೆದದ್ದು ನೋಡಿದ್ದೇನೆ. ದಿನಾ ಸಂಜೆ ನೋಡಿ, ಹೆಚ್ಚುವರಿ ಜೊತೆ ಇಟ್ಟುಕೊಳ್ಳಿ.

ಗುಂಪಿನಲ್ಲಿ ಅಕ್ಕಪಕ್ಕ ಮಾತಾಡಿಕೊಂಡು ಹೋಗುವುದು ಮಳೆ ದಿನ ಬಂದ್. ಒಬ್ಬರ ಹಿಂದೆ ಒಬ್ಬರು. ಸಮತಟ್ಟಿನಲ್ಲಿ ಮೂರು ಸೈಕಲ್ ಉದ್ದ ಬಿಡಿ. ಇಳಿಜಾರಿನಲ್ಲಿ ಮೀಟರ್ ಲೆಕ್ಕ ಯಾರಿಗೂ ನೆನಪಿರುವುದಿಲ್ಲ, ಅದಕ್ಕೆ ನಾನು ಲೈಟ್ ಕಂಬ ತೋರಿಸುತ್ತೇನೆ: ಮುಂದಿನವರು ಒಂದು ಕಂಬ ದಾಟಿದ ಮೇಲೆ ನೀವು ಹಿಂದಿನ ಕಂಬ ಬಿಡಿ. ಮಳೆ ಸದ್ದಿಗೆ "ಗುಂಡೀ" ಅಂತ ಕೂಗಿದ್ದು ಮೂರನೆಯವನಿಗೆ ಕೇಳಿಸುವುದಿಲ್ಲ, ಕುತ್ತಿಗೆಗೆ ಒಂದು ಪೀಪಿ ಕಟ್ಟಿಕೊಳ್ಳಿ. ಹಿಂದಿನ ಕೆಂಪು ಲೈಟ್ ಹಗಲಲ್ಲೂ ಉರಿಯಲಿ. ಮಡ್‌ಗಾರ್ಡ್ ಇಲ್ಲದವರು ಸಾಲಿನ ಕೊನೆಗೆ ಹೋಗಲಿ. ಅವರ ಗಾಲಿಯ ಕೆಸರು ನೇರ ಹಿಂದಿನವರ ಬಾಯಿಗೆ ಬೀಳುತ್ತದೆ, ಅರ್ಧ ಜಗಳ ಅಲ್ಲೇ ಶುರು.

ರೈನ್‌ಕೋಟ್ ಕೇಳಿದ್ದೀರಿ. ಒದ್ದೆಯಾಗದ ರೈನ್‌ಕೋಟ್ ಸೈಕಲ್ಲಿನವರಿಗೆ ಇಲ್ಲ. ಏರಿನಲ್ಲಿ ಎಂಥದ್ದು ಹಾಕಿಕೊಂಡರೂ ಒಳಗಿಂದ ಬೆವರು ನೆನೆಸುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದವರೂ ಸಂಜೆ ಹಿಂಡಿ ಹಾಕುವುದನ್ನು ನೋಡಿದ್ದೇನೆ. ಒದ್ದೆಯಾಗಲಿ, ಗಾಳಿ ತಾಗದಿದ್ದರೆ ಸಾಕು. ತೆಳುವಾದ, ಮೈಗೆ ಹತ್ತಿಕೊಂಡಿರುವ ಜರ್ಕಿನ್ ತಗೊಳ್ಳಿ. ಏರಿನಲ್ಲಿ ಜಿಪ್ ಬಿಚ್ಚಿ, ಇಳಿಜಾರಿಗೆ ಮುಂಚೆ ಗಂಟಲವರೆಗೆ ಎಳೆಯಿರಿ. ಜರ್ಕಿನ್ನಿನ ಒಳಗೆ ಎದೆಗೆ ಒಂದು ಹಳೇ ಪೇಪರ್ ಸೇರಿಸಿದರೆ ಇಳಿಜಾರಿನ ಗಾಳಿ ಎದೆಗೆ ತಟ್ಟುವುದಿಲ್ಲ. ಒಳಗೆ ಹತ್ತಿ ಬನಿಯನ್ ಬೇಡ, ಅದು ನೀರು ಹಿಡಿದು ಕೂರುತ್ತದೆ. ಪಾಂಚೊ, ಅಂದರೆ ಕೊಪ್ಪೆ ತರಹದ್ದು, ಗದ್ದೆ ನಾಟಿಗೆ ಚೆನ್ನ. ಸೈಕಲ್ ಮೇಲೆ ಗಾಳಿ ತುಂಬಿಕೊಂಡು ಹಾಯಿಯಾಗುತ್ತದೆ, ಇಲ್ಲವೇ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಪ್ಯಾಂಟೂ ಬೇಡ, ಚಡ್ಡಿ ಸಾಕು. ಕಾಲಿನ ಚರ್ಮ ಒರೆಸಿದರೆ ಒಣಗುತ್ತದೆ, ಪ್ಯಾಂಟ್ ಒಣಗುವುದಿಲ್ಲ. ಬೂಟಿನೊಳಗೆ ಕಾಲುಚೀಲದ ಮೇಲೆ ಬ್ರೆಡ್ ಕವರ್ ಹಾಕಿಕೊಳ್ಳಿ. ತೊಡೆ ಸಂದಿಗೆ ವ್ಯಾಸಲೀನ್, ಇಲ್ಲದಿದ್ದರೆ ಕೊಬ್ಬರಿ ಎಣ್ಣೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾಲ್ಕನೇ ದಿನ ಎಲ್ಲರೂ ಕೇಳುತ್ತಾರೆ.

ಹಸಿವಿನ ಬಗ್ಗೆ ಒಂದು ಮಾತು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಒದ್ದೆ ಕೈಯಲ್ಲಿ ತಿನ್ನಲು ಬೇಜಾರು. ಜೇಬಿನಲ್ಲಿ ಬೆಲ್ಲದ ಚೂರು, ಕಡಲೆಬೀಜ ಇರಲಿ. ಇಂಬಳದ (ಜಿಗಣೆ) ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹುಲ್ಲಿನಲ್ಲಿ ಕಾಲಿಡದಿದ್ದರೆ ಅದರ ಕಾಟ ಕಡಿಮೆ.

ಯಾರಾದರೂ ಜೀಪು ಹತ್ತುತ್ತೇನೆ ಅಂದರೆ ಕಾರಣ ಕೇಳಬೇಡಿ, ನಗಬೇಡಿ. ನಮ್ಮ ಗುಂಪಿನಲ್ಲಿ ಇದೊಂದು ಕಾನೂನು. ನಕ್ಕರೆ ಮುಂದಿನ ಸಲ ಮೈ ಸರಿಯಿಲ್ಲದವನು ಬಾಯಿ ಬಿಡುವುದಿಲ್ಲ. ಹೋದ ವರ್ಷದ ನಿಮ್ಮ ಜಗಳ ಇದೇ ಜಾಗದಲ್ಲಿ ಹತ್ತಿಕೊಂಡಿರಬೇಕು ಅಂತ ನನ್ನ ಊಹೆ.

ಸಂಜೆ ತಲುಪಿದ ಮೇಲೆ ಮೊದಲು ಹಂಡೆ ನೀರು, ಸ್ನಾನ. ಆಮೇಲೆ ರಾತ್ರಿಯ ಬಟ್ಟೆ. ಒಂದು ಜೊತೆ ಬಟ್ಟೆ ರಾತ್ರಿಗೆ ಅಂತಲೇ ಇರಬೇಕು. ಗೊಬ್ಬರದ ಚೀಲದೊಳಗಿನ ದಪ್ಪ ಪ್ಲಾಸ್ಟಿಕ್ ಚೆನ್ನಾಗಿ ತೊಳೆದು ಅದರಲ್ಲಿ ಸುತ್ತಿಡಿ. ಬೆಳಗ್ಗೆ ನಿನ್ನೆಯ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳಬೇಕು. ಪ್ರವಾಸದಲ್ಲಿ ಇದಕ್ಕಿಂತ ಕಷ್ಟದ ಐದು ನಿಮಿಷ ಬೇರೆ ಇಲ್ಲ. ಹತ್ತು ನಿಮಿಷ ತುಳಿದರೆ ಮರೆತು ಹೋಗುತ್ತದೆ. ಒಣ ಬಟ್ಟೆ ಹಾಕಿಕೊಂಡು ಹೊರಟವರಿಗೆ ಆ ರಾತ್ರಿ ಎರಡೂ ಜೊತೆ ಒದ್ದೆ. ಬೂಟಿನೊಳಗೆ ಪೇಪರ್ ತುರುಕಿ, ಮಲಗುವ ಮುಂಚೆ ಒಂದು ಸಲ ಬದಲಾಯಿಸಿ. ಚೈನ್ ಒರೆಸಿ ಎಣ್ಣೆ ಬಿಡಿ, ಬೆಳಗ್ಗೆಗೆ ಅಂತ ಬಿಟ್ಟರೆ ಕೆಂಪು ತುಕ್ಕು ಕಾಣುತ್ತದೆ.

ಕೊನೆಗೆ ಮೊಬೈಲ್. ಜಿಪ್ ಇರುವ ಪ್ಲಾಸ್ಟಿಕ್ ಕವರ್ ಎರಡು, ಒಂದರೊಳಗೊಂದು, ಅಷ್ಟೇ. ಆದರೆ ಒದ್ದೆ ಬೆರಳಿಗೆ ಸ್ಕ್ರೀನ್ ಸ್ಪಂದಿಸುವುದಿಲ್ಲ, ತೋಟದ ನಡುವೆ ಸಿಗ್ನಲ್ಲೂ ಇರುವುದಿಲ್ಲ. ಅದಕ್ಕೆ ಆ ದಿನದ ಒಲೆಗಳ ಹೆಸರು, ಊರು, ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಹದಿನಾಲ್ಕೂ ಜನರ ಜೇಬಿಗೆ ಹಾಕಿ. ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ಆದರೆ ಆಲ್ದೂರು ದಾಟುವುದರೊಳಗೆ ಬರೀ ನೀಲಿ ನೀರು.